ನಾನೇ ಹೆಣೆದ ಚಂದ್ರಿಕೆ

ನಮ್ಮೂರಿನಲ್ಲಿ ನನಗೆ ಜುಗ್ಗಿ ಎಂಬ ಹೆಸರಿದೆ. ನಲ್ಲಿ ಸೋರಿದರೆ ನಾನು ಚನ್ನಪಟ್ಟಣದಿಂದ ಯಾರನ್ನೂ ಕರೆಸುವುದಿಲ್ಲ, ಸ್ಪ್ಯಾನರ್ ಹಿಡಿದು ವಾಷರ್ ನಾನೇ ಬದಲಾಯಿಸುತ್ತೇನೆ. ಶೀಟಿನ ತೂತಿನಲ್ಲಿ ಮಳೆನೀರು ಇಳಿದರೆ ಟಾರು ಕಾಯಿಸಿಕೊಂಡು ನಾನೇ ಏಣಿ ಹತ್ತುತ್ತೇನೆ. ಮಿಕ್ಸಿ ನಿಂತರೆ ಬಿಚ್ಚುತ್ತೇನೆ. ಅಟ್ಟದ ಮೇಲೆ ಒಂದು ಕಬ್ಬಿಣದ ಟ್ರಂಕಿದೆ. ಅದರಲ್ಲಿ ಫ್ಯೂಸ್ ತಂತಿ, ಹಗ್ಗ, ಸೈಕಲ್ ಟ್ಯೂಬಿನ ತುಂಡುಗಳು, ಚಾರ್ಜ್ ಲೈಟು, ಮೊಳೆಯ ಡಬ್ಬ, ಜ್ವರದ ಮಾತ್ರೆ ಎಲ್ಲ ಇವೆ. "ಇವಳ ಟ್ರಂಕ್ ಒಂದಿದ್ರೆ ಸಾಕು, ಪ್ರಳಯ ಆದ್ರೂ ನಾವ್ ಉಳ್ಕೋತೀವಿ" ಎಂದು ನಮ್ಮ ಮನೆಯವರು ಬಂದವರ ಮುಂದೆಲ್ಲ ನಗುತ್ತಾರೆ.

ದುಡ್ಡು ಉಳಿಯುವುದು ನಿಜ. ಆದರೆ ನಾನು ಇದನ್ನೆಲ್ಲ ದುಡ್ಡಿಗಾಗಿ ಶುರು ಮಾಡಿದ್ದಲ್ಲ. ನಮ್ಮ ಮನೆಯವರ ಅಣ್ಣ, ಅಂದರೆ ನನ್ನ ಭಾವ, ಅವರ ಮೇಲಿನ ಸೇಡಿಗೆ ಶುರು ಮಾಡಿದ್ದು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ.

ಹೊಂಗನೂರಿನಿಂದ ಒಳಕ್ಕೆ ಹೋದರೆ ಸಿಗುವ ಹಳ್ಳಿ ನಮ್ಮದು. ಮನೆಮನೆಯಲ್ಲೂ ರೇಷ್ಮೆ ಹುಳ ಸಾಕುತ್ತಾರೆ. ಅಣ್ಣತಮ್ಮಂದಿರು ಭಾಗವಾದಾಗ ದೊಡ್ಡ ಹುಳದ ಮನೆಯೂ ಅದರ ಅಟ್ಟದ ತುಂಬ ಇದ್ದ ಚಂದ್ರಿಕೆಗಳೂ ಭಾವನ ಪಾಲಾದವು. ಹಳೆಯ ಮನೆ, ಬೋರ್‌ವೆಲ್ ಇದ್ದ ಹಿತ್ತಲು ನಮ್ಮ ಪಾಲಿಗೆ ಬಂತು. ನಡುವೆ ಒಂದು ಗೋಡೆ ಎದ್ದಿತು. ನಾವು ನಡುಮನೆಯ ಸಾಮಾನನ್ನೆಲ್ಲ ಅಡುಗೆಮನೆಗೆ ತುಂಬಿ, ಅಲ್ಲೇ ಹುಳ ಸಾಕಲು ಶುರು ಮಾಡಿದೆವು.

ಚಂದ್ರಿಕೆ ನೋಡದವರಿಗಾಗಿ ಹೇಳುತ್ತೇನೆ. ಅದು ಬಾಗಿಲಿನಷ್ಟು ದೊಡ್ಡದಾದ ಬಿದಿರಿನ ಚಾಪೆ. ಅದರ ಮೇಲೆ ಎರಡು ಬೆರಳು ಅಗಲದ ಬಿದಿರಿನ ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ, ಚಕ್ಕುಲಿ ಸುತ್ತಿದ ಹಾಗೆ ಸುತ್ತಿ ಹೊಲಿದಿರುತ್ತಾರೆ. ಹುಳ ಹಣ್ಣಾದಾಗ, ಅಂದರೆ ಸೊಪ್ಪು ತಿನ್ನುವುದು ಬಿಟ್ಟು ಮೈ ಹಳದಿಯಾಗಿ ತಲೆಯೆತ್ತಿ ಆಡಿಸತೊಡಗಿದಾಗ, ಆರಿಸಿ ಆ ಸಂದಿಗಳಿಗೆ ಬಿಡಬೇಕು. ಹುಳ ಅಲ್ಲಿ ಗೂಡು ಕಟ್ಟುತ್ತದೆ. ಹಣ್ಣಾದ ಹುಳ ನಾಳೆಯವರೆಗೆ ಕಾಯುವುದಿಲ್ಲ. ಚಂದ್ರಿಕೆ ಸಿಗದಿದ್ದರೆ ಕಸದಲ್ಲೇ ಒಂದರ ಮೇಲೊಂದು ಬಿದ್ದು ನೂಲು ಸುತ್ತಿಕೊಂಡು, ಗಲೀಜು ಮಾಡಿಕೊಂಡು, ಅಷ್ಟು ದಿನದ ಸೊಪ್ಪು, ದುಡಿಮೆ, ನಿದ್ದೆ ಎಲ್ಲವನ್ನೂ ಮಣ್ಣುಪಾಲು ಮಾಡುತ್ತದೆ.

ಬೇರೆಯಾದ ಮೇಲಿನ ನಮ್ಮ ಮೊದಲ ಬೆಳೆಗೆ ಚಂದ್ರಿಕೆ ಕೊಡುತ್ತೇನೆಂದು ಭಾವ ಒಪ್ಪಿದ್ದರು. ಬೇರೆಯವರಿಗೆ ಬಾಡಿಗೆಗೆ ಕೊಡುತ್ತಿದ್ದರು, ನಮ್ಮಿಂದಲೂ ಅಷ್ಟೇ ಬಾಡಿಗೆ ತೆಗೆದುಕೊಳ್ಳಲಿ ಎಂದುಕೊಂಡಿದ್ದೆವು. ಹುಳ ಹಣ್ಣಾದ ದಿನ ಬೆಳಿಗ್ಗೆ ನಾನು ಅವರ ಗೇಟಿನ ಹತ್ತಿರ ಹೋದರೆ, ಚಂದ್ರಿಕೆಗಳೆಲ್ಲ ಟೆಂಪೋ ಮೇಲೆ ಏರಿ ಕೂತಿದ್ದವು. ವಿರೂಪಾಕ್ಷಿಪುರದವರು ಯಾರೋ ಹಗ್ಗ ಬಿಗಿಯುತ್ತಿದ್ದರು.

"ಭಾವ, ನಮ್ಮವು ಹಣ್ಣಾಗ್ಬುಟ್ಟವೆ" ಎಂದೆ.

"ನೋಡವ್ವ, ಹುಳ ಸಾಕೋರು ಮೊದ್ಲು ಚಂದ್ರಿಕೆ ಎಲ್ಲೈತೆ ಅಂತ ನೋಡ್ಕೋಬೇಕು. ಬಾಡಿಗೆಯೋರು ಬಂದ್ರು, ಕೊಟ್ಬುಟ್ಟೆ. ನಿಮ್ಮನೆ ಹುಳಕ್ಕೆಲ್ಲ ನಾನ್ ಹೊಣೆಯಾಗಾಕಾಯ್ತದಾ?"

ನನ್ನ ಮುಖ ನೋಡದೆ, ಟೆಂಪೋ ಚಕ್ರ ನೋಡುತ್ತ ಇಷ್ಟು ಹೇಳಿದರು. ನಮ್ಮ ಮನೆಯವರು ಸ್ಕೂಟರಿನಲ್ಲಿ ಊರೂರು ಸುತ್ತಿ, ಮುರುಕಲು ಚಂದ್ರಿಕೆ ನಾಲ್ಕೈದನ್ನು ಹೊಂದಿಸಿಕೊಂಡು ಬರುವ ಹೊತ್ತಿಗೆ ಹೊತ್ತು ಮೀರಿತ್ತು. ಹುಳಗಳು ಸೊಪ್ಪಿನ ದಂಟಿನ ಮೇಲೆ, ಗೋಡೆಯ ಮೂಲೆಯಲ್ಲಿ, ನನ್ನ ಹಳೆಯ ಸೀರೆಯ ಮಡಿಕೆಯಲ್ಲಿ ಸುತ್ತಿಕೊಂಡುಬಿಟ್ಟಿದ್ದವು. ಭಾವನ ಹೆಂಡತಿ, ನನ್ನ ವಾರಗಿತ್ತಿ, ಗೋಡೆ ಬಳಸಿಕೊಂಡು ಓಡಿಬಂದು ನನ್ನ ಜೊತೆ ಕುಕ್ಕರುಗಾಲಿನಲ್ಲಿ ಕೂತು ಹುಳ ಆರಿಸಿದಳು. "ಅವ್ರ ಬುದ್ಧಿನೇ ಅಂಗೆ ಕಣಮ್ಮಿ, ನಾನೇನ್ ಮಾಡ್ಲಿ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನು ಅವಳ ಹೆಗಲಿಗೊರಗಿ ಅತ್ತೆ. ಅವಳನ್ನು ನಾನು ಅಕ್ಕ ಎನ್ನುತ್ತಿದ್ದೆ, ಅಕ್ಕನೆಂದೇ ತಿಳಿದಿದ್ದೆ.

ರಾಮನಗರದ ಮಾರುಕಟ್ಟೆಯಲ್ಲಿ ನಮ್ಮ ಗೂಡನ್ನು ಕೊಳ್ಳುವವನೊಬ್ಬ ಮುಷ್ಟಿಯಲ್ಲಿ ಎತ್ತಿ ನೋಡಿ, ಕೈ ಒರೆಸಿಕೊಂಡು ಮುಂದಿನವರ ಗೂಡಿನ ಜಾಲರಿಗೆ ಹೋದ. ಬರುವಾಗ ಬಸ್ಸಿನಲ್ಲಿ ನಾನು ಒಂದು ತೀರ್ಮಾನ ಮಾಡಿದೆ. ಇನ್ನು ಯಾವ ಸಾಮಾನಿಗೂ, ಯಾವ ಕೆಲಸಕ್ಕೂ ನಾನು ಇನ್ನೊಬ್ಬರ ಬಾಗಿಲಿಗೆ ಹೋಗುವುದಿಲ್ಲ. ಭಾವ ಮಾತ್ರ ಒಂದು ದಿನ ನನ್ನ ಬಾಗಿಲಿಗೆ ಬರಬೇಕು. ಬಂದು ತಪ್ಪಾಯಿತು ಅನ್ನಬೇಕು.

ಮುರುಕಲು ಚಂದ್ರಿಕೆಯೊಂದನ್ನು ಅಂಗಳದಲ್ಲಿ ಹಾಸಿಕೊಂಡು ಹೊಲಿಗೆ ಹೊಲಿಗೆಯಾಗಿ ಬಿಚ್ಚಿದೆ. ಎಲ್ಲಿ ಗಂಟು ಹಾಕಿದ್ದಾರೆ, ಸುರುಳಿ ಸುರುಳಿಯ ನಡುವೆ ಎಷ್ಟು ಸಂದಿ ಬಿಟ್ಟಿದ್ದಾರೆ ಎಂದು ಬೆರಳಿಟ್ಟು ನೋಡಿದೆ. ತೋಟದ ಬೇಲಿಯಲ್ಲಿ ಬೆಳೆದಿದ್ದ ಬಿದಿರನ್ನೇ ಕಡಿದುಕೊಂಡು ಬಂದೆ. ಮಚ್ಚಿನಿಂದ ಸೀಳುವುದು ಸುಲಭವಲ್ಲ. ಮೊದಮೊದಲು ಪಟ್ಟಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗಾಗಿ ಸುತ್ತುವಾಗ ಪಟ್ಟೆಂದು ಮುರಿಯುತ್ತಿತ್ತು. ಸಿಬಿರು ಬೆರಳಿಗೆ ನಾಟಿ ಕೀವು ಕಟ್ಟಿತು. ಪ್ರತಿ ಸಲ ಮಚ್ಚು ಎತ್ತುವಾಗಲೂ ಟೆಂಪೋ ಚಕ್ರ ನೋಡುತ್ತ ನಿಂತಿದ್ದ ಭಾವನ ಮುಖ ನೆನೆಸಿಕೊಳ್ಳುತ್ತಿದ್ದೆ. ಆಮೇಲೆ ಬಿದಿರು ನೀಟಾಗಿ ಸೀಳತೊಡಗಿತು.

"ಸಾಕ್ ಬುಡು, ಬಾಡಿಗೆಗೆ ತಂದ್ರಾಯ್ತದೆ" ಎಂದರು ನಮ್ಮ ಮನೆಯವರು. ಜಗಳದ ವಾಸನೆ ಬಂದರೆ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಡೈರಿ ಕಡೆ ಹೊರಡುವ ಮನುಷ್ಯ ಅವರು. ಚಾಪೆಗೆ ಬಿದಿರು ಸಾಲದಾದಾಗ ಹಳೆಯ ಹಸಿರು ನೆರಳುಬಲೆಯನ್ನು ಚೌಕಟ್ಟಿಗೆ ಬಿಗಿದು ಅದರ ಮೇಲೆ ಪಟ್ಟಿ ಹೊಲಿದೆ. ಹಗುರವಾಯಿತು, ತೊಳೆಯಲೂ ಸಲೀಸಾಯಿತು. ಮುಂದಿನ ಬೆಳೆಯ ಹುಳ ಅದರ ಮೇಲೆ ತಾವಾಗೇ ಹತ್ತಿದಾಗ ನನಗೆ ಆದ ಸಂತೋಷದಲ್ಲಿ ಮುಕ್ಕಾಲು ಪಾಲು ಹಗೆಯೇ ಇತ್ತು.

ಕೈ ಅಷ್ಟು ಪಳಗಿದ ಮೇಲೆ ನಲ್ಲಿ, ಶೀಟು, ಮಿಕ್ಸಿ ಯಾವುದೂ ದೊಡ್ಡದೆನಿಸಲಿಲ್ಲ. ಒಂದೊಂದು ರಿಪೇರಿ ಮುಗಿದಾಗಲೂ ಗೋಡೆಯ ಆಚೆಗೆ ಕೇಳುವ ಹಾಗೆ ಸುತ್ತಿಗೆಯಲ್ಲಿ ಇನ್ನೆರಡು ಏಟು ಹೆಚ್ಚಿಗೆ ಹಾಕುತ್ತಿದ್ದೆ. ಮಳೆಗಾಲಕ್ಕೆ ಮೊದಲೇ ಸುಣ್ಣದಪುಡಿ, ಸೌದೆ, ವರ್ಷಕ್ಕಾಗುವ ಹುಣಸೆಹಣ್ಣು ಕೂಡಿಟ್ಟುಕೊಂಡೆ. ಕರೆಂಟು ಹೋಗಿ ಊರೆಲ್ಲ ಕತ್ತಲಾದ ಸಂಜೆ ನಮ್ಮ ಜಗಲಿಯಲ್ಲಿ ಮಾತ್ರ ದೀಪ ಉರಿಯುತ್ತಿದ್ದರೆ, ಭಾವನ ಕಿಟಕಿ ಯಾವುದೆಂದು ನೋಡಿಕೊಂಡು ಆ ಕಡೆಗೇ ತಿರುಗಿಸಿಡುತ್ತಿದ್ದೆ.

ಅಷ್ಟಕ್ಕೆ ನನ್ನ ಹೊಟ್ಟೆ ತಣ್ಣಗಾಗಲಿಲ್ಲ. ನಮ್ಮೂರ ಮಹಿಳಾ ಸಂಘದ ಹೆಂಗಸರನ್ನು ಕರೆದು, ಮಧ್ಯಾಹ್ನ ಕೆಲಸ ಮುಗಿದ ಮೇಲೆ ಬನ್ನಿ, ಚಂದ್ರಿಕೆ ಹೆಣೆಯುವುದು ಹೇಳಿಕೊಡುತ್ತೇನೆ ಎಂದೆ.

"ಹೇಳ್ಕೊಡಾಕೆ ಏನ್ ತಗೋತೀಯಾ?" ಎಂದು ಒಬ್ಬಳು ಅನುಮಾನದಿಂದ ಕೇಳಿದಳು. ಜುಗ್ಗಿ ಪುಕ್ಕಟೆ ಏನನ್ನೂ ಕೊಡುವುದಿಲ್ಲವೆಂದು ಅವಳಿಗೆ ಗೊತ್ತು.

"ಏನೂ ಬ್ಯಾಡ. ಆ ಮನೇಲಿ ಬಾಡಿಗೆಗೆ ತರೋದ್ ಬುಟ್ಬುಡಿ, ಸಾಕು."

ಅವರು ನಕ್ಕರು, ಕಲಿತರು. ಒಂದೊಂದೇ ಮನೆ ಭಾವನ ಬಾಡಿಗೆ ಬಿಟ್ಟಿತು. ಆಮೇಲೆ ಪಕ್ಕದ ಹಳ್ಳಿಯ ಹೆಂಗಸರೂ ಬಂದರು. ಭಾವನ ಅಟ್ಟದ ಚಂದ್ರಿಕೆಗಳಿಗೆ ಧೂಳು ಹಿಡಿಯಿತು, ಕೆಲವಕ್ಕೆ ಗೆದ್ದಲು ಹತ್ತಿತು. ಕೊನೆಗೆ ಉಳಿದವನ್ನೆಲ್ಲ ಕನಕಪುರದ ಕಡೆಯವರಿಗೆ ಸಿಕ್ಕಿದ ರೇಟಿಗೆ ಮಾರಿದರು. ಆ ಲಾರಿ ನಮ್ಮ ಮನೆ ಮುಂದೆ ಹಾದುಹೋದಾಗ ನಾನು ರಾಗಿ ಕೇರುತ್ತಿದ್ದೆ. ಮೊರ ಕೆಳಗಿಟ್ಟು, ಲಾರಿ ತಿರುವು ದಾಟುವವರೆಗೂ ಕಣ್ಣುತುಂಬ ನೋಡಿದೆ. ಅಕ್ಕನಿಗೆ ಇದರಿಂದ ಕಷ್ಟವಾಗುತ್ತದೆಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು. ಅಂಥವನನ್ನು ಕಟ್ಟಿಕೊಂಡದ್ದು ಅವಳ ಹಣೆಬರಹ ಎಂದು ಸುಮ್ಮನಾಗುತ್ತಿದ್ದೆ.

ಹೋದ ವರ್ಷ ಭಾವನ ಮನೆಯ ಹುಳ ಹಣ್ಣಾದವು. ಸ್ವಂತದ ಚಂದ್ರಿಕೆ ಮಾರಿಕೊಂಡವರು ಬೇರೆ ಊರಿನಿಂದ ಬಾಡಿಗೆಗೆ ಹೇಳಿದ್ದರು. ಕೊಡುತ್ತೇನೆ ಎಂದವನು ಬೆಳಿಗ್ಗೆ ಫೋನು ಎತ್ತಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಅಕ್ಕ ನಮ್ಮ ಬಾಗಿಲಿಗೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು, ಕೈಯಲ್ಲಿ ಸೊಪ್ಪಿನ ಹಸಿರು ಕರೆ.

"ಒಸಿ ಚಂದ್ರಿಕೆ ಕೊಡಮ್ಮಿ. ಎಲ್ಲಾ ತಲೆ ಎತ್ಬುಟ್ಟವೆ."

ಬಂದದ್ದು ಭಾವನಲ್ಲ ಎಂದು ನನಗೆ ನಿರಾಸೆಯಾಯಿತು. ಇಲ್ಲ ಎನ್ನಬೇಕೆಂದು ಬಾಯಿಗೆ ಬಂದಿತ್ತು. ಆದರೆ ಎದುರಿಗೆ ನಿಂತವಳು ಅಂದು ನನ್ನ ಜೊತೆ ಕೂತು ಹುಳ ಆರಿಸಿದ ಅಕ್ಕ. ಇದ್ದ ಚಂದ್ರಿಕೆಗಳಲ್ಲಿ ಅರ್ಧವನ್ನು ಇಬ್ಬರೂ ಸೇರಿ ಹೊತ್ತೊಯ್ದೆವು. ಭಾವ ಹಿತ್ತಲಿಗೆ ಹೋಗಿ ಮರೆಯಾದರು. ನಾವು ಹುಳ ಆರಿಸಿ ಬಿಡುತ್ತ ಕೂತೆವು. ಮೊದಲು ಬಿಟ್ಟವು ಆಗಲೇ ನೂಲು ಎಳೆಯತೊಡಗಿದ್ದವು.

ನನ್ನ ಬಾಯಿ ಸುಮ್ಮನಿರಲಿಲ್ಲ. "ಮುಖ ತೋರ್ಸಾಕೂ ಆಗಾಕಿಲ್ವಾ ಅವ್ರಿಗೆ? ಹೆಂಡ್ರುನ್ನ ಕಳ್ಸವ್ರೆ. ಒಡಹುಟ್ಟಿದೋನ ಬೆಳೆ ಹಾಳ್ಮಾಡ್ದೋರು, ಇನ್ನೇನ್ ಮಾಡ್ತಾರೆ" ಎಂದು ಅಷ್ಟು ವರ್ಷದ್ದನ್ನೂ ಒಂದೊಂದಾಗಿ ಉದುರಿಸಿದೆ. ಅಕ್ಕ ಕೇಳುವಷ್ಟು ಕೇಳಿದಳು. ಆಮೇಲೆ ಕೈಯಲ್ಲಿದ್ದ ಹುಳವನ್ನು ಸಂದಿಗೆ ಬಿಟ್ಟು ನನ್ನ ಕಡೆ ತಿರುಗಿದಳು.

"ಅವ್ರನ್ನ ಬಯ್ಬೇಡ ಕಣಮ್ಮಿ. ತಮ್ಮನ ಬೆಳೆ, ಕೊಡಾನ ಅಂದ್ರು ಅವ್ರು. ಬ್ಯಾಡ ಅಂದೋಳು ನಾನು. ವಿರೂಪಾಕ್ಷಿಪುರದೋರಿಗೆ ಫೋನ್ ಮಾಡ್ಸಿದ್ದೂ ನಾನೇಯ."

ಯಾಕೆ ಎಂದೂ ಅವಳೇ ಹೇಳಿದಳು. "ಬೋರು ನಿಮ್ಗೆ ಹೋಯ್ತು. ನಾನು ಬೀದಿ ನಲ್ಲಿ ತಾವ ಬಿಂದಿಗೆ ಇಟ್ಕಂಡು ಕಾಯೋದು, ನೀನು ಹಿತ್ಲಲ್ಲಿ ಮೋಟ್ರು ಹಾಕ್ಕಂಡು ಕೂತಿರೋದು. ನೋಡಿ ನೋಡಿ ನಂಗೂ ಉರೀತಿತ್ತು."

ಹಾಗಾದರೆ ಅಂದು ಅತ್ತದ್ದು? ನಾನು ಒರಗಿ ಅತ್ತ ಆ ಹೆಗಲು? ಚಂದ್ರಿಕೆಗಳನ್ನು ಎತ್ತಿಕೊಂಡು ಹೊರಟುಬಿಡಬೇಕು ಅನ್ನಿಸಿತು. ಎತ್ತುವಂತಿರಲಿಲ್ಲ, ಅವುಗಳ ತುಂಬ ಹುಳ ನೂಲುತ್ತಿತ್ತು. ನೂಲುವ ಹುಳವನ್ನು ಕಿತ್ತರೆ ಅದು ಮತ್ತೆ ಕಟ್ಟುವುದಿಲ್ಲ. ಹುಳದ ಮೇಲೆ ಸೇಡು ತೀರಿಸಿಕೊಳ್ಳುವಷ್ಟು ನಾನು ಕೆಟ್ಟಿರಲಿಲ್ಲ. ಆದರೆ ಅವಳ ಹುಳ ಸಾಕುವ ತಟ್ಟೆಗಳಲ್ಲಿ ಇನ್ನೂ ಅರ್ಧ ಹುಳ ಉಳಿದಿತ್ತು, ನನ್ನ ಮನೆಯಲ್ಲಿ ಅರ್ಧ ಚಂದ್ರಿಕೆ ಉಳಿದಿತ್ತು.

"ಹತ್ತಿರೋವು ಇರ್ಲಿ. ಇನ್ನು ಒಂದೂ ಕೊಡಾಕಿಲ್ಲ" ಎಂದು ಎದ್ದು ಬಂದೆ. ಗೇಟಿಗೆ ಚಿಲಕ ಹಾಕಿ, ಉಳಿದ ಚಂದ್ರಿಕೆಗಳ ಪಕ್ಕದಲ್ಲಿ ಕಾವಲು ಕೂತೆ. ಬಿಸಿಲು ಏರುತ್ತಿತ್ತು. ಆಚೆ ಆ ತಟ್ಟೆಗಳಲ್ಲಿ ಏನಾಗುತ್ತಿದೆಯೆಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆಗಲಿ ಎಂದುಕೊಂಡೆ. ಅವಳೂ ಅನುಭವಿಸಲಿ.

ಗೇಟಿನ ಚಿಲಕದ ಸದ್ದಾಯಿತು. ಭಾವ ನಿಂತಿದ್ದರು. ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು.

"ತಪ್ಪಾಯ್ತು ಕಣವ್ವ. ಅವತ್ತು ಚಂದ್ರಿಕೆ ಕೊಡ್ದೆ ಕಳ್ಸಿದ್ದು ನಾನೇಯ. ಅವಳು ನನ್ನ ಉಳ್ಸಾಕೆ ಏನೇನೋ ಅಂದವ್ಳೆ, ಅದನ್ನ ಮನಸ್ಗೆ ಹಾಕ್ಕೋಬೇಡ. ಬಯ್ಯೋದಾದ್ರೆ ನನ್ನೇ ಬಯ್ದುಬುಡು."

ಬಸ್ಸಿನಲ್ಲಿ ಕೂತು ಬಯಸಿದ್ದ ಮಾತು ಇದೇ. ಈ ಮಾತಿಗಾಗಿ ನಾನು ಬೆರಳಿಗೆ ಸಿಬಿರು ನಾಟಿಸಿಕೊಂಡಿದ್ದೆ, ಎರಡು ಊರಿನ ಹೆಂಗಸರಿಗೆ ಕೆಲಸ ಕಲಿಸಿದ್ದೆ, ಈ ಮನುಷ್ಯನ ಬಾಡಿಗೆ ಮುಳುಗಿಸಿದ್ದೆ. ಈಗ ಆ ಮಾತು ಬಂದದ್ದು ತಪ್ಪು ಮಾಡದವನ ಬಾಯಿಂದ. ಬಿಂದಿಗೆಯ ಮಾತು ಹೇಳುವಾಗ ಅಕ್ಕನ ದನಿಯಲ್ಲಿದ್ದ ಉರಿ ಸುಳ್ಳಲ್ಲವೆಂದು ನನಗೆ ಗೊತ್ತಿತ್ತು. ಹೆಂಡತಿಗಾಗಿ ಅಂದೂ ಸುಳ್ಳು ಹೇಳಿದ್ದರು, ಇಂದೂ ಹೇಳುತ್ತಿದ್ದರು. ಚಿಲಕ ತೆಗೆದೆ. ಅವರು ಎರಡೆರಡು ಚಂದ್ರಿಕೆಯನ್ನು ತಲೆಯ ಮೇಲಿಟ್ಟುಕೊಂಡು ಓಡಾಡಿ ಎಲ್ಲವನ್ನೂ ಸಾಗಿಸಿದರು. ಆ ಬೆಳೆ ಉಳಿಯಿತು. ಚಂದ್ರಿಕೆಗಳು ತೊಳೆದು ಒಣಗಿಸಿಕೊಂಡು ವಾಪಸ್ಸು ಬಂದವು. ತಂದದ್ದೂ ಅವರೇ. ಅಕ್ಕ ಬರಲಿಲ್ಲ.

ಭಾವನ ಮೇಲೆ ಈಗ ನನಗೆ ಏನೂ ಇಲ್ಲ. ಅಕ್ಕನ ಮೇಲಿರುವುದು ಹಾಗೇ ಇದೆ, ಅದು ಹೊಸದು. ಅವಳು ಒಂದೇ ಒಂದು ಸಲ ಏನಾದರೂ ಕೇಳಲು ಬರಲಿ, ಇಲ್ಲ ಎಂದು ಹೇಳಿ ಕಳಿಸಬೇಕು ಎಂದು ಕಾಯುತ್ತಿದ್ದೇನೆ. ಈ ತಿಂಗಳಿಂದ ಮಧ್ಯಾಹ್ನದ ಹೊತ್ತು ಗೋಡೆಯಾಚೆ ಬಿದಿರು ಸೀಳುವ ಸದ್ದು ಕೇಳುತ್ತಿದೆ. ಯಾರ ಹತ್ತಿರ ಕಲಿತಳೋ, ನಾನು ಕಲಿಸಿದವರಲ್ಲೇ ಒಬ್ಬಳಿರಬೇಕು. ಮೊದಮೊದಲು ಪಟ್ಟಿ ಮುರಿಯುವುದು ಕೇಳುತ್ತಿತ್ತು. ನಿನ್ನೆ ಒಂದೂ ಮುರಿಯಲಿಲ್ಲ. ಇನ್ನು ಅವಳು ನನ್ನ ಬಾಗಿಲಿಗೆ ಬರುವುದಿಲ್ಲ.