ದೂರು ಕಿಟಕಿಯ ನಗು

ಅವಳ ಕೆನ್ನೆಯಲ್ಲಿ ಬೀಳುವ ಗುಳಿಗೇ ಸರ್ಕಾರ ಸಂಬಳ ಕೊಡುತ್ತಿತ್ತು ಎಂದರೆ ಸುಳ್ಳಾಗದು. ನೀರು ಸರಬರಾಜು ಕಚೇರಿಯ ದೂರು ಕಿಟಕಿಗೆ ಹುಡುಗಿಯನ್ನು ಆರಿಸುವಾಗ ದೊಡ್ಡ ಸಾಹೇಬರು ಓದು ಬರಹ ವಿಚಾರಿಸಲಿಲ್ಲ. ದೀಪದ ಕೆಳಗೆ ನಿಲ್ಲಿಸಿ ಬಣ್ಣ ನೋಡಿದರು, ಹಲ್ಲು ನೋಡಿದರು. "ನಿಂಗೆ ಬೇರೆ ಕೆಲಸ ಏನಿಲ್ಲಮ್ಮ, ನಗ್ತಾ ಇದ್ರೆ ಸಾಕು" ಎಂದರು. ದನ ಕೊಳ್ಳುವವರಾದರೂ ಇದಕ್ಕಿಂತ ಮರ್ಯಾದೆಯಿಂದ ನೋಡುತ್ತಾರೆ!

ಕೆಂಡ ಕಾರುತ್ತ ಬಂದವರು ಅವಳ ಮುಖ ನೋಡುತ್ತಲೇ ತಣ್ಣಗಾಗುತ್ತಿದ್ದರು. "ಖಂಡಿತ ವಿಚಾರಿಸ್ತೀವಿ" ಎಂದು ನಕ್ಕು, ದೂರಿನ ಚೀಟಿಯನ್ನು ಬೆನ್ನ ಹಿಂದಿನ ಗೋಡೆಯ ಕಿಂಡಿಗೆ ಹಾಕುವಳು. ಅದು ಒಳಗೆ ಬಿದ್ದ ಸದ್ದು ಒಂದು ದಿನವೂ ಕೇಳಲಿಲ್ಲ. ಮೊದಮೊದಲು ಕಿವಿಗೊಟ್ಟಳು, ಆಮೇಲೆ ನನಗ್ಯಾಕೆ ಊರ ಉಸಾಬರಿ ಎಂದು ಬಿಟ್ಟಳು. ಕಣ್ಣಿನ ಸುತ್ತ ಸುಕ್ಕು ಮೂಡಿದ ವರ್ಷ ಅವಳನ್ನು ಎತ್ತಿ ಉಗ್ರಾಣಕ್ಕೆ ಹಾಕಿ, ಕಿಟಕಿಗೆ ಹೊಸ ಹುಡುಗಿಯನ್ನು ತಂದರು.

ಅವಳ ತಮ್ಮ ಅದೇ ಕಚೇರಿಯಲ್ಲಿ ಟ್ಯಾಂಕು ತೊಳೆಯುವವನು. ನಿನ್ನೆ ಬೆಳಿಗ್ಗೆ ನೆಲದಡಿಯ ದೊಡ್ಡ ಟ್ಯಾಂಕಿಗೆ ಇಳಿದವನು ಮನೆಗೆ ಬರಲಿಲ್ಲ. "ಮೇಲೆ ಬಂದು ಆವಾಗ್ಲೇ ಹೋದ್ನಲ್ಲ" ಅಂದ ಮೇಸ್ತ್ರಿ. ಚಪ್ಪಲಿ ಮಾತ್ರ ಮುಚ್ಚಳದ ಪಕ್ಕದಲ್ಲೇ ಇತ್ತು. ಇನ್ನೂ ಉಸಿರಿದ್ದರೂ ಇರಬಹುದು, ಮುಚ್ಚಳ ತೆಗೆಸಿ ಎಂದು ಕಂಡಕಂಡವರ ಕಾಲು ಹಿಡಿದಳು. "ಕಿಟಕೀಲಿ ದೂರು ಕೊಡಿ" ಎಂದರು ಎಲ್ಲರೂ.

ಕೊಟ್ಟಳು. ಗಾಜಿನಾಚೆಯ ಹುಡುಗಿ ತಲೆಯೆತ್ತಿ ನಕ್ಕಳು. ಅದೇ ಹಲ್ಲು, ಅದೇ ಗುಳಿ. ತನ್ನ ಹರೆಯವೇ ಎದುರು ಕೂತಂತಿತ್ತು.

"ಖಂಡಿತ ವಿಚಾರಿಸ್ತೀವಿ ಅಕ್ಕಾ."

"ವಿಚಾರಿಸೋದಲ್ಲ ಕಣಮ್ಮ, ಈಗ್ಲೇ ಮುಚ್ಚಳ ತೆಗೆಸು! ನನ್ನ ತಮ್ಮ ಒಳಗಿದಾನೆ!"

ಹುಡುಗಿ ನಗುತ್ತಲೇ ಚೀಟಿಯನ್ನು ಕಿಂಡಿಗೆ ಹಾಕಿದಳು. ಸದ್ದಿಲ್ಲ. ಇವಳು ಪಕ್ಕದ ಬಾಗಿಲು ತಳ್ಳಿ ನುಗ್ಗಿ, ಕಿಂಡಿಯೊಳಗೆ ಭುಜದವರೆಗೆ ಕೈ ಇಳಿಸಿದಳು. ಒಳಗೆ ಪೆಟ್ಟಿಗೆಯಿಲ್ಲ, ಕಾಗದವಿಲ್ಲ, ತಳವೇ ಇಲ್ಲ. ಬೆರಳಿಗೆ ಒದ್ದೆ ಗಾಳಿ ತಾಗಿತು. ಟ್ಯಾಂಕಿನ ಪಾಚಿಯ ವಾಸನೆ ಬಂತು. ತಾನು ಇಷ್ಟು ವರ್ಷ ನಗುನಗುತ್ತ ಎಷ್ಟು ಜನರ ಗೋಳನ್ನು ಇದರೊಳಗೆ ಹಾಕಿದೆನಪ್ಪಾ ಎಂದು ಕೈ ಹಿಂದಕ್ಕೆಳೆದುಕೊಂಡಳು.

"ನೋಡ್ರಪ್ಪಾ, ಇದರೊಳಗೆ ಕೇಳೋರು ಯಾರೂ ಇಲ್ಲ!" ಎಂದು ಗಾಜಿನಾಚೆ ದೂರು ಹಿಡಿದು ನಿಂತವರ ಸಾಲಿನತ್ತ ತಿರುಗಿ ಕೂಗಿದಳು.

ಯಾರೂ ಮಿಸುಕಲಿಲ್ಲ. ಎಲ್ಲರ ಕಣ್ಣೂ ಹುಡುಗಿಯ ಮೇಲೆ, ಎಲ್ಲರ ತುಟಿಯಲ್ಲೂ ನಗು. ಬೋರೆಂದು ಅಳಲು ಇವಳು ಬಾಯಿ ತೆರೆದಳು. ಅಳು ಬರಲಿಲ್ಲ. ತುಟಿ ತಾನಾಗಿ ಅರಳಿ, ಕೆನ್ನೆಯಲ್ಲಿ ಗುಳಿ ಬಿತ್ತು.

ಸಾಲಿನಲ್ಲಿ ಮುಂದಿದ್ದ ಮುದುಕ ಅದನ್ನು ನೋಡಿ ತಾನೂ ನಕ್ಕು, ತನ್ನ ಚೀಟಿಯನ್ನು ಅವಳತ್ತ ಚಾಚಿದ.