ರವೆಯಂಥ ಸೋಡಾಕ್ಕೆ ಜಯವಾಗಲಿ

ಗೆಳೆಯರೇ, ಇವತ್ತು ಹರಿಹರದಲ್ಲಿ ಯಾರಿಗೆ ಧಿಕ್ಕಾರ ಕೂಗಬೇಕೆಂದೇ ತಿಳಿಯಲಿಲ್ಲ. ಬಟ್ಟೆ ಒಗೆಯುವ ಪುಡಿ ಕಲಸುವ ಶೆಡ್ಡದು. ಹಿಟ್ಟಿನಂತೆ ಹಾರುವ ಲೈಟ್ ವಾಷಿಂಗ್ ಸೋಡಾ ಅಲ್ಲಿನ ಹೆಂಗಸರ ಎದೆ ಸುಡುತ್ತಿದೆ, ರವೆಯಂಥ ಡೆನ್ಸ್ ಸೋಡಾ ತರಿಸಿ ಎಂದು ಧರಣಿ ಕೂತು ಗೆದ್ದವರು ನಾವು. ಇವತ್ತು ಅದನ್ನು ಮೊದಲ ಸಲ ಕಲಸಿದರು. ಪುಡಿ ಕಲಸಿದ ಗಿರಿಜಮ್ಮ ಅದರಲ್ಲೇ ಸೀರೆ ಒಗೆದು ನೋಡಿದರೆ ಅಂಗೈ ಕೆಂಪಾಯಿತು.

"ನೋಡ್ರಿ ನಿಮ್ಮ ಹೋರಾಟದ ಸೋಡಾ. ನಾಳೆಯಿಂದ ಹಳೇದೇ ತರಿಸ್ತೀನಿ" ಎಂದ ಮಾಲೀಕ ಶಿವಣ್ಣ.

"ಏನು ಬೆರೆಸಿದ್ದೀರಿ?" ಎಂದು ಗುಡುಗಿದೆ.

"ಎರಡೂ ಒಂದೇ ಸೋಡಾ ರೀ. ಕಾಳು ಬ್ಯಾರೆ ಅಷ್ಟೆ."

ಎಷ್ಟು ಹಾಕಿದಿರಿ ಎಂದು ಗಿರಿಜಮ್ಮನನ್ನು ಕೇಳಿದೆ.

"ಯಾವಾಗ್ಲೂ ಹಾಕ್ದಂಗೆ ಎರಡು ಬಕೀಟು. ಕೆಲ್ಸ ಏನೂ ಬದ್ಲಾಗಲ್ಲ ಅಂತ ನೀವೇ ಅಂದ್ರಲ್ಲಣ್ಣ."

ಇಲ್ಲಿ ಅಳೆಯುವುದು ಬಕೆಟ್ಟಿನಲ್ಲೇ. ತೂಗಿಸಿದರೆ, ಡೆನ್ಸ್ ಬಕೆಟ್ ಹೆಚ್ಚುಕಡಿಮೆ ದುಪ್ಪಟ್ಟು ಭಾರ; ಅಂದರೆ ಪುಡಿಗೆ ಬಿದ್ದದ್ದೂ ದುಪ್ಪಟ್ಟು ಸೋಡಾ.

"ಹಂಗಾರೆ ಒಂದೇ ಬಕೀಟು ಹಾಕ್ತೀವಿ ಬಿಡ್ರಿ. ಹಳೇದ್ರ ಕೆಮ್ಮು ಬ್ಯಾಡ" ಎಂದರು ಗಿರಿಜಮ್ಮ.

"ಪಾಕೀಟು ಅರ್ಧ ಖಾಲಿ ಕಾಣ್ತೈತೆ. ಗಿರಾಕಿ ನನ್ನ ಕಳ್ಳ ಅಂತಾರೆ" ಎಂದ ಶಿವಣ್ಣ.

ಕೊನೆಗೆ ಒಪ್ಪಿದ. ಷರತ್ತು ಒಂದೇ: ಪುಡಿ ಕಡಿಮೆ ಕಂಡರೂ ತೂಕ ಸರಿಯಿದೆ ಎಂದು ದಾವಣಗೆರೆಯ ಅಂಗಡಿ ಅಂಗಡಿಗೂ ಹೋಗಿ ನಾನೇ ಹೇಳಬೇಕಂತೆ. ಮಾಲೀಕನ ಮಾಲು ಹೊಗಳುತ್ತ ಬೀದಿ ತಿರುಗುವುದಕ್ಕೂ ಹೋರಾಟ ಎನ್ನಬಹುದೇ? ತಿಳಿದವರು ಬೇಗ ಹೇಳಿ, ನಾಳೆ ಬೆಳಿಗ್ಗೆ ಹೊರಡಬೇಕು.