ಆಯಿ ಬರೆಸಿದ ಗುರುತು

ಇವತ್ತು ಬೆಳಿಗ್ಗೆ ಪಕ್ಕದ ಮನೆಯಿಂದ ಸುಟ್ಟ ಮೆಣಸಿನಕಾಯಿಯ ಘಾಟು ಬಂತು. ನಾನು ಸಾಲೆಯ ಮಕ್ಕಳ ಪರೀಕ್ಷೆಯ ಕಾಗದ ತಿದ್ದುತ್ತ ಕುಳಿತಿದ್ದೆ. ಮೊದಲು ಒಂದು ಕೆಮ್ಮು, ಆಮೇಲೆ ಮೂರು, ಆಮೇಲೆ ಎಣಿಸುವುದನ್ನು ಬಿಟ್ಟೆ. ಪಕ್ಕದ ಮನೆಯಾಕೆ ತನ್ನ ಎರಡು ವರ್ಷದ ಮಗಳಿಗೆ ದೃಷ್ಟಿ ತೆಗೆಯುತ್ತಿದ್ದಳು. ನಿನ್ನೆ ಸಂಜೆ ಆ ಕೂಸನ್ನು ನೋಡಿ 'ಎಷ್ಟು ಚೆಂದ ಇದೆ' ಎಂದವಳು ನಾನೇ. ಆದ್ದರಿಂದ ಈ ಹೊಗೆ ಯಾರನ್ನು ಕುರಿತದ್ದೆಂದು ಊಹಿಸುವುದು ಕಷ್ಟವಾಗಲಿಲ್ಲ. ಆದರೆ ನಿಜವಾಗಿ ದೃಷ್ಟಿ ತಾಗಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲವಂತೆ. ಇಲ್ಲಿ ಓಣಿಯೆಲ್ಲ ಕೆಮ್ಮುತ್ತಿತ್ತು. ಅಂದರೆ ನಾನು ನಿರಪರಾಧಿ. ತರ್ಕಶಾಸ್ತ್ರ ಓದಿ ಬಿ.ಎ. ಮುಗಿಸಿದವಳು ಇಂಥ ಸಾಕ್ಷ್ಯದಿಂದ ಸಮಾಧಾನ ಪಟ್ಟುಕೊಳ್ಳಬಾರದು. ಪಟ್ಟುಕೊಂಡೆ ಎಂಬುದನ್ನು ನಿಮಗಷ್ಟೇ ಹೇಳುತ್ತಿದ್ದೇನೆ.

ಈ ಘಾಟು ಮೂಗಿಗೆ ಬಡಿದಾಗಲೆಲ್ಲ ನನಗೆ ನಮ್ಮ ಆಯಿಯ ನೆನಪಾಗುತ್ತದೆ. ಆಯಿ ಎಂದರೆ ನಮ್ಮಪ್ಪನ ತಾಯಿ. ತಿಕೋಟಾದ ನಮ್ಮ ಮನೆಯಲ್ಲಿ ಆಕೆ ಯಾವ ಒಳ್ಳೆಯದನ್ನೂ ಒಳ್ಳೆಯದೆಂದು ಒಪ್ಪಿಕೊಂಡದ್ದನ್ನು ನಾನು ಕೇಳಿಲ್ಲ. ನಮ್ಮ ಎಮ್ಮೆ ಹೊತ್ತಿಗೆ ನಾಲ್ಕು ಸೇರು ಕೊಡುತ್ತಿದ್ದ ಕಾಲದಲ್ಲಿ ಯಾರಾದರೂ ಕೇಳಿದರೆ, "ಎಲ್ಲಿ ಹಾಲ್ರಿ, ಚರಿಗಿ ತಳಾ ಸೈತ ತೊಯ್ಯಂಗಿಲ್ಲ" ಎನ್ನುವಳು. ಜೋಳ ಆಳೆತ್ತರ ಬೆಳೆದು ತೆನೆ ತೂಗಿದ ವರ್ಷ, "ದನಾನೂ ಮೂಸಂಗಿಲ್ಲ ಬಿಡ್ರಿ" ಎಂದಳು. ಕೇಳಿದವರೂ ಅರ್ಥ ಮಾಡಿಕೊಂಡು, ಈ ವರ್ಷ ಇವರದು ಭರ್ಜರಿ ಬೆಳೆ ಎಂದು ಹೇಳಿಕೊಂಡು ಹೋಗುತ್ತಿದ್ದರು.

ಮಕ್ಕಳ ವಿಷಯದಲ್ಲಂತೂ ಆಕೆಯ ಬಾಯಿ ಇನ್ನೂ ಬಿಗಿ. ನನ್ನ ಬೆನ್ನಿಗೆ ಹುಟ್ಟಿದ ಎರಡು ಕೂಸುಗಳು ವರ್ಷ ತುಂಬುವ ಮೊದಲೇ ಹೋಗಿಬಿಟ್ಟಿದ್ದವು. ಎರಡನ್ನೂ ಯಾರೋ ತೊಟ್ಟಿಲು ಬಗ್ಗಿ ನೋಡಿ ಹೊಗಳಿದ್ದರಂತೆ. ಆಮೇಲೆ ಬಹಳ ದಿನಕ್ಕೆ ಬಂದವಳು ನನ್ನ ತಂಗಿ ಗೌರಾ. ಆಕೆ ನಿಜಕ್ಕೂ ಎಷ್ಟು ಚೆಂದ ಇದ್ದಳೆಂದರೆ ಆಯಿ ಬಹಳ ಕಷ್ಟಪಡಬೇಕಾಯಿತು. ದಿನಾಲೂ ಹೊಸ ಹೊಸ ಬೈಗುಳ ಹುಡುಕಬೇಕಾಗುತ್ತಿತ್ತು. ಜೊತೆಗೆ, ಹೊರಗಿನವರು ಹೆಸರು ಕೇಳಿದರೆ ಹೇಳಬಾರದೆಂದು ಕೂಸಿಗೆ ಗಟ್ಟಿಯಾಗಿ ಕಲಿಸಿದ್ದಳು.

ಯುದ್ಧದ ದಿನಗಳು. ಬಬಲೇಶ್ವರದ ನಮ್ಮ ಸಂಬಂಧಿಕರ ಮನೆಯಲ್ಲಿ ಮದುವೆ. ಬಳೆ, ಖಣ ಕೊಳ್ಳಲು ಆಯಿ ನಮ್ಮಿಬ್ಬರನ್ನೂ ಕರೆದುಕೊಂಡು ವಿಜಾಪುರಕ್ಕೆ ಹೊರಟಳು. ಪೆಟ್ರೋಲು ಸಿಗದೆ ಇದ್ದಲಿನ ಹೊಗೆಯಿಂದ ಓಡುವ ಮೋಟಾರು. ಏರು ಬಂದಲ್ಲಿ ಗಂಡಸರು ಇಳಿದು ನೂಕುತ್ತಿದ್ದರು. ನನಗೆ ಹದಿಮೂರು ವರ್ಷ, ಗೌರಾಗೆ ನಾಲ್ಕು. ನನಗೆ ವಹಿಸಿದ ಕೆಲಸ ಒಂದೇ: ಆಕೆಯ ಕೈ ಬಿಡದಿರುವುದು.

ಬಳೆ ಅಂಗಡಿಯಲ್ಲಿ ಆಯಿಯ ಸ್ವಭಾವಕ್ಕೆ ಸರಿಯಾದ ಕೆಲಸ ಸಿಕ್ಕಿತು. ಒಂದೊಂದು ಡಜನ್ ಬಳೆಯನ್ನೂ ಎತ್ತಿ ಹಿಡಿದು ಹೀಗಳೆಯುತ್ತ ಕುಳಿತಳು. ಅಂಗಡಿಯ ಪಕ್ಕದ ಗೋಡೆಗೆ ದೊಡ್ಡ ಸರಕಾರಿ ಪ್ರಕಟಣೆಯೊಂದನ್ನು ಅಂಟಿಸಿದ್ದರು. ವಿಮಾನದಾಳಿ ಆದರೆ ಜನರು ಏನು ಮಾಡಬೇಕೆಂಬ ನಿಯಮಗಳು. ಅಚ್ಚಾದ ಅಕ್ಷರ ಎಲ್ಲಿ ಕಂಡರೂ ಓದಿ ಮುಗಿಸದೆ ಮುಂದೆ ಹೋಗಲಾರದ ರೋಗ ನನಗೆ ಆಗಲೇ ಅಂಟಿತ್ತು. ಮೇಲಿನ ಸಾಲು ಬಿಸಿಲಿಗೆ ಕಾಣಲಿಲ್ಲವೆಂದು ಹಣೆಗೆ ಕೈ ಅಡ್ಡ ಹಿಡಿದೆ. ಆ ಕೈ ಗೌರಾಳ ಕೈ ಹಿಡಿದ ಕೈ ಎಂಬುದು ನಾಲ್ಕನೆಯ ನಿಯಮಕ್ಕೆ ಬಂದಾಗ ನೆನಪಾಯಿತು. ನಾಲ್ಕನೆಯ ನಿಯಮ, ಚಿಕ್ಕ ಮಕ್ಕಳ ಕೈಯನ್ನು ಯಾವ ಕಾರಣಕ್ಕೂ ಬಿಡಬಾರದು ಎಂದಿತ್ತು.

ತಿರುಗಿ ನೋಡಿದರೆ ಗೌರಾ ಇಲ್ಲ.

ಬಜಾರಿನಲ್ಲಿ ಎರಡು ಸಲ ಮೇಲಿಂದ ಕೆಳಗೆ ಓಡಾಡಿದೆವು. ಕೊನೆಗೆ ಬಳೆಗಾರನೇ, "ಹಿಂಗ ಓಡ್ಯಾಡಿದರ ಸಿಗಂಗಿಲ್ಲ ಯವ್ವಾ. ಚೌಕೀಗೆ ಹೋಗ್ರಿ. ಕಳದ ಕೂಸು ಯಾರಿಗೆ ಸಿಕ್ಕರೂ ಅಲ್ಲೇ ತಂದು ಬಿಡ್ತಾರ" ಎಂದ.

"ನಮ್ಮ ಮನಿತನದಾಗ ಯಾರೂ ಪೋಲೀಸ್ ಚೌಕಿ ಕಟ್ಟಿ ಹತ್ತಿಲ್ಲೋ ಯಪ್ಪಾ" ಎಂದಳು ಆಯಿ. ಹಾಗೆನ್ನುತ್ತಲೇ ಸೆರಗು ತಲೆ ಮೇಲೆ ಎಳೆದುಕೊಂಡು, ನನಗಿಂತ ಮುಂದೆ ಹೊರಟಿದ್ದಳು.

ಚೌಕಿಯಲ್ಲಿ ದಪ್ಪ ಮೀಸೆಯ ಹವಾಲ್ದಾರನೊಬ್ಬ ಕುಳಿತಿದ್ದ. ಹೆದರಿಸುವ ಮನುಷ್ಯನಲ್ಲ. ನಮಗೆ ಕೂಡಲು ಕಟ್ಟಿಗೆಯ ಬಾಕು ತೋರಿಸಿ, ನೀರು ಕೊಡಿಸಿ, ದೊಡ್ಡ ರಿಜಿಸ್ಟರು ತೆರೆದ. ಟಾಕು ಮಸಿಯಲ್ಲಿ ಅದ್ದಿ ಕೇಳಿದ:

"ಹೇಳ್ರಿ ಯವ್ವಾ. ಕೂಸಿನ ಬಣ್ಣ ಹೆಂಗೈತಿ?"

"ಕರ್ರಗ. ಹಂಚಿನ ತಳಾ ನೋಡೀಯಿಲ್ಲೋ? ಹಂಗ."

"ಮೈಕಟ್ಟು?"

"ಎಲ್ಲಿ ಮೈ ಬಿಡು. ಜ್ವಾಳದ ದಂಟು."

"ಕಣ್ಣು?"

"ಎರಡು ಅದಾವ. ಒಂದು ಈ ಕಡಿ ನೋಡತೈತಿ, ಒಂದು ಆ ಕಡಿ."

"ಅರಿವಿ?"

"ಯಾವುದೋ ಹರಕ ಪರಕರ." ದೀಪಾವಳಿಗೆ ಹೊಲಿಸಿದ್ದ ಹಸಿರು ಪರಕರವದು, ಮೂರನೆಯ ಸಲ ಉಟ್ಟಿದ್ದಳು.

ಹವಾಲ್ದಾರ ಎಲ್ಲವನ್ನೂ ದುಂಡಗೆ ಬರೆದುಕೊಂಡು ಟಾಕು ಕೆಳಗಿಟ್ಟ. "ಒಳಗಿನ ಖೋಲ್ಯಾಗ ಒಂದು ಹೆಣ್ಣಕೂಸು ಐತ್ರಿ. ಖರೆ ಇದು ಅದಲ್ಲ. ಹೊರಗ ಕುಂಡರ್ರಿ, ನಿಮ್ಮದು ಬಂದರ ಕರೀತೇನಿ."

ನಾನು ಎದ್ದು ನಿಂತೆ. "ಒಮ್ಮೆ ತೋರಿಸ್ರಿ."

"ಮೊದಲ ಗುರುತು, ಆಮ್ಯಾಲ ಕೂಸು. ನೋಡಿದ ಮ್ಯಾಲೆ ನಂದು ಅಂತ ಯಾರು ಬೇಕಾದರೂ ಅಂತಾರ. ಹೋದ ಸಲ ಒಂದು ಕೂಸಿಗೆ ಮೂರು ಮಂದಿ ಅವ್ವಂದಿರು ಬಂದಿದ್ದರು."

"ಹೆಸರು ಕೇಳೀರೇನು?"

"ಕೇಳದ ಬಿಟ್ಟೇನ್ಯ? 'ಹೇಳಬ್ಯಾಡ ಅಂದಾಳ ನಮ್ಮ ಆಯಿ' ಅಂತೈತಿ. ಅದನ್ನ ಬಿಟ್ಟು ಒಂದಕ್ಷರ ಬಾಯಿ ಬಿಟ್ಟಿಲ್ಲ."

ಆಯಿಯ ಮುಖದ ಮೇಲೆ ಒಂದು ಗಳಿಗೆ ಹೆಮ್ಮೆ ಕಂಡಿತು. ಮರುಗಳಿಗೆಯೇ ಆಕೆ ಅಳತೊಡಗಿದಳು. "ಅದಽ ನನ್ನ ಕೂಸೋ ಯಪ್ಪಾ!"

"ಆಯಿ ಅನ್ನೋ ಕೂಸು ಊರ ತುಂಬ ಅದಾವ್ರಿ. ಸಂಜಿ ಮಟ ಯಾರೂ ಗುರುತು ಸರಿ ಹೇಳಲಿಲ್ಲಂದರ ಅನಾಥಾಶ್ರಮಕ್ಕ ಕಳಿಸಬೇಕು. ಕಾಯದೆ ಐತಿ."

ಇನ್ನು ಸುಮ್ಮನಿರಬಾರದೆಂದು ನಾನು ಬಾಯಿ ಹಾಕಿದೆ. ಎತ್ತರ ಎರಡು ಮೊಳ ನಾಲ್ಕು ಬೆರಳು. ಬಣ್ಣ ಗೋಧಿಗಿಂತ ತಿಳಿ. ಕೂದಲು ಕಿವಿಯ ಹತ್ತಿರ ಸುರುಳಿ. ಮುಂದಿನ ಹಲ್ಲುಗಳಲ್ಲಿ ಸಂದು ಒಂದು. ಪರೀಕ್ಷೆಯಲ್ಲಿ ಉತ್ತರ ಬರೆದಂತೆ ಕ್ರಮವಾಗಿ ಹೇಳಿದೆ. ಹವಾಲ್ದಾರ ಅದನ್ನೂ ಬರೆದುಕೊಂಡು ಎರಡನ್ನೂ ಗಟ್ಟಿಯಾಗಿ ಓದಿದ.

"ಒಂದು ಕರ್ರಗ ಐತಿ, ಒಂದು ಬೆಳ್ಳಗ ಐತಿ. ಯವ್ವಾ, ನೀವು ಎರಡು ಕೂಸು ಕಳಕೊಂಡೀರೇನು?"

"ಏ ಹುಡುಗಿ, ಬಾಯಿ ಮುಚ್ಚು! ಊರ ಮಂದಿ ಮುಂದ ಹಂಗೆಲ್ಲಾ ಅನ್ನಬಾರದು" ಎಂದು ಆಯಿ ನನ್ನ ತೋಳು ಹಿಡಿದು ಕೂಡಿಸಿದಳು.

ಹವಾಲ್ದಾರ ಆಕೆಯನ್ನೇ ನೋಡಿದ. ಅವನಿಗೆ ಆಗ ಹೊಳೆಯಿತೆಂದು ಕಾಣುತ್ತದೆ. ದನಿ ತಗ್ಗಿಸಿ, "ಸಣ್ಣ ಹುಡುಗಿ ಮಾತು ನಡಿಯಂಗಿಲ್ಲ ಯವ್ವಾ. ನೀವಽ ಹೇಳಬೇಕು. ಇದ್ದದ್ದು ಇದ್ದಂಗ" ಎಂದ.

ಆಯಿ ಎರಡು ತೊಟ್ಟಿಲು ಬರಿದಾದದ್ದನ್ನು ಕಂಡವಳು; ಮೂರನೆಯದರ ಬಗ್ಗೆ ಹೊರಗಿನ ಗಂಡಸಿನ ಮುಂದೆ, ಅದೂ ಮಸಿಯಲ್ಲಿ ಬರೆಯುವವನ ಮುಂದೆ, ಬಾಯಿ ಬಿಡಬೇಕಿತ್ತು. ಬಿಟ್ಟರೆ ಕಣ್ಣು ತಾಗುವ ಭಯ, ಬಿಡದಿದ್ದರೆ ಕೂಸೇ ಇಲ್ಲ. ಕೊನೆಗೆ ಕರಾರು ಹಾಕಿದಳು.

"ಹೇಳ್ತೇನಿ. ನಾ ಒಂದೊಂದು ಮಾತು ಅಂದಾಗೊಮ್ಮೆ ನೀನು ಥೂ ಅಂತ ಉಗಳಬೇಕು."

"ಸರಕಾರಿ ಚೌಕ್ಯಾಗ ಉಗಳಾಕ ಬರಂಗಿಲ್ಲ ಯವ್ವಾ. ನೋಡ್ರಿ, ಗ್ವಾಡಿಗೆ ಬರದಾರ."

"ಹಂಗಾರ ನಾ ಹೇಳಂಗಿಲ್ಲ."

ಹವಾಲ್ದಾರ ಬಾಗಿಲ ಕಡೆ ನೋಡಿದ. ಫೌಜದಾರ ಸಾಹೇಬರು ಊರಲ್ಲಿರಲಿಲ್ಲ. "ಬರೇ ಸಪ್ಪಳ ಮಾಡಿದರ ಆದೀತೇನು?"

"ಆದೀತು."

ಆಯಿ ಕಣ್ಣು ಮುಚ್ಚಿಕೊಂಡಳು. "ಬೆಳ್ಳಗ ಅದಾಳೋ ಯಪ್ಪಾ. ಈಗ ಕಡದ ಬೆಣ್ಣಿ ಹಂಗ."

"ಥೂ" ಎಂದ ಹವಾಲ್ದಾರ, ಬರೆಯುತ್ತ.

"ನಕ್ಕರ ಎಡಗಲ್ಲದಾಗ ಗುಣಿ ಬೀಳತೈತಿ. ಬೆರಳು ಇಟ್ಟರ ಕುಂದರಬೇಕು, ಅಷ್ಟು."

"ಥೂ."

"ಕಣ್ಣು ಇಷ್ಟಿಷ್ಟಗಲ. ಮಾತಾಡಿದರ ಓಣಿ ಮಂದಿ ಕೆಲಸಾ ಬಿಟ್ಟು ಕೇಳತಾರ. ಮಲಗುವಾಗ ನನ್ನ ಕಿವಿ ಹಿಡಕೊಂಡಽ ಮಲಗಬೇಕು ಆಕಿ. ಇಲ್ಲಾಂದರ ನಿದ್ದಿ ಬರಂಗಿಲ್ಲ, ಆಕಿಗೂ, ನನಗೂ."

ಹವಾಲ್ದಾರ ಥೂ ಎನ್ನುವುದನ್ನು ಮರೆತು ಕುಳಿತಿದ್ದ. ಆಯಿ ಒಂದು ಕಣ್ಣು ತೆರೆದು ನೋಡಿದ ಮೇಲೆ ಗಡಬಡಿಸಿ ಎರಡು ಸಲ ಅಂದ.

"ಮತ್ತ ಯಾರಿಗೂ ಗೊತ್ತಿರದ ಗುರುತು ಏನರೆ ಐತೇನ್ರಿ?"

"ಐತಿ. ಬಲಗಾಲಿನ ಅಂಗಾಲಿಗೆ ಕಾಡಿಗಿ ಬೊಟ್ಟು. ಮುಂಜಾನೆ ನಾನಽ ಹಚ್ಚೇನಿ. ಮಾರಿಗೆ ಹಚ್ಚಿದರ ಅಳಿಸಿಕೋತಾಳ."

ಹವಾಲ್ದಾರ ಒಳಗೆ ಹೋದ. ಅಂಗಾಲು ನೋಡಿಸಿಕೊಂಡ ಗೌರಾ ಕಚಗುಳಿಗೆ ಕಿಲಕಿಲ ನಕ್ಕದ್ದು ಹೊರಗೆ ಕೇಳಿಸಿತು. ಬಾಯಿ ತುಂಬ ಚುರಮುರಿ ತುಂಬಿಕೊಂಡು, ಅವನ ಬೆರಳು ಹಿಡಿದು, ಮದುವೆಗೆ ಬಂದವಳಂತೆ ಬಂದಳು. ಆಯಿ ಆಕೆಯನ್ನು ಬಾಚಿ ಎತ್ತಿಕೊಂಡು, "ನೋಡು, ಎಷ್ಟು ಹೊಲಸಾಗೀದಿ! ಕತ್ತಿಮರಿ" ಎಂದು ಬೈಯುತ್ತ ಸೆರಗಿನಲ್ಲಿ ಮುಖ ಒರೆಸಿದಳು. ಒರೆಸಿದ್ದು ತನ್ನ ಮುಖ.

ಹವಾಲ್ದಾರ ಮತ್ತೆ ಟಾಕು ತೆಗೆದುಕೊಂಡ. "ಜೋಡಿ ಬಂದಾಕಿ ಯಾರು? ಈಕೀದೂ ಬರಕೋಬೇಕು."

ನಾನು ಗೋಡೆ ನೋಡುತ್ತ ನಿಂತೆ. ಈಗ ಹೇಳುತ್ತಾಳೆ, ಕೈ ಬಿಟ್ಟವಳು ಇವಳೇ ಎಂದು. ರಿಜಿಸ್ಟರಿನಲ್ಲಿ ಅದು ಕಾಯಂ ಆಗುತ್ತದೆ. ಆಯಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಈಕೀನ? ಈಕೀದೇನು ಬರಕೊಳ್ಳೋದೈತಿ ಯಪ್ಪಾ. ಕಪ್ಪು. ಮೂಗು ಮೊಂಡ. ಬುದ್ಧೀನೂ ಅಷ್ಟಕ್ಕಷ್ಟ. ಇಂಥಾಕೀನ ಯಾರು ಒಯ್ತಾರ ಬಿಡು."

ಹವಾಲ್ದಾರ ನನ್ನ ಕಡೆ ನೋಡಿದ. ಯಾರೂ ಕೇಳದಿದ್ದರೂ, ಮೆಲ್ಲಗೆ "ಥೂ, ಥೂ" ಎಂದ.

ಆ ಮಾತು ನನಗೆ ಬಹಳ ವರ್ಷ ಚುಚ್ಚಿತು. ತಪ್ಪು ಮಾಡಿದ್ದಕ್ಕೆ ಮೂಗನ್ನೇಕೆ ಎಳೆದು ತರಬೇಕಿತ್ತು ಎಂದು ಒಳಗೊಳಗೇ ವಾದಿಸುತ್ತಿದ್ದೆ. ಕಾಲೇಜಿನ ವಸತಿಗೃಹದಲ್ಲಿ ಕನ್ನಡಿಯ ಮುಂದೆ ಪಕ್ಕಕ್ಕೆ ತಿರುಗಿ ಅದನ್ನು ಅಳೆದು ನೋಡಿದ್ದೂ ಉಂಟು. ಇವತ್ತು ಕೆಮ್ಮುತ್ತ ಕುಳಿತಿದ್ದಾಗ ಹವಾಲ್ದಾರನಿಗೆ ಅಲ್ಲೇ, ಆಗಲೇ ತಿಳಿದದ್ದು ನನಗೆ ತಿಳಿಯಿತು. ಪದವಿಯ ಬಗ್ಗೆ ಇನ್ನೇನು ಹೇಳಲಿ.

ನಾಳೆ ಸಾಲೆಗೆ ರಜೆ. ಮೊದಲ ಮೋಟಾರಿಗೆ ತಿಕೋಟಾಕ್ಕೆ ಹೋಗುತ್ತೇನೆ. ಆಯಿಗೆ ಈಗ ಕಣ್ಣು ಮಂದ. ಹತ್ತಿರ ಕೂಡಿಸಿಕೊಂಡು ಕೈಯಿಂದ ಮುಖ ಸವರಿ, "ಏನಬೇ, ಎಷ್ಟು ಸೊರಗಿ ಕೆಟ್ಟುಹೋಗೀದಿ" ಎಂದು ಶುರು ಮಾಡುತ್ತಾಳೆ. ಪ್ರತಿ ಸಲ ನಾನು ತೂಕ ಎಷ್ಟಿದೆಯೆಂದು ಅಂಕಿ ಸಮೇತ ವಾದಿಸುತ್ತಿದ್ದೆ. ಈ ಸಲ ಸುಮ್ಮನೆ ಕೂಡುತ್ತೇನೆ. ಮೂಗಿನ ವಿಷಯ ಆಕೆ ಮರೆತರೆ ನಾನೇ ನೆನಪು ಮಾಡಿಕೊಡುತ್ತೇನೆ.